ಒಂದೇ ಚರ್ಚು ಮೂರು ಸಲ: ಸ್ವಿಟ್ಜರ್ಲೆಂಡಿನ ರೈಲಿನ ಬಗ್ಗೆ ನೀವು ಕೇಳಿದ್ದು

ಹೋದ ಸಲ ಬೇರೇನೋ ಬರೆಯುತ್ತಾ ಸ್ವಿಟ್ಜರ್ಲೆಂಡಿನ ರೈಲಿನ ಬಗ್ಗೆ ಒಂದು ಸಾಲು ಸೇರಿಸಿದ್ದೆ. ಅಷ್ಟಕ್ಕೇ ಇಷ್ಟೊಂದು ಪ್ರಶ್ನೆ ಬರುತ್ತವೆ ಅಂದುಕೊಂಡಿರಲಿಲ್ಲ. ಮಗನೋ ಮಗಳೋ ಅಲ್ಲಿ ಕೆಲಸದಲ್ಲಿದ್ದಾರೆ ಅಂತ ಹೋಗಿ ಬಂದವರು, ಟೂರಿನವರ ಜೊತೆ ಏಳು ದಿನಕ್ಕೆ ಐದು ದೇಶ ನೋಡಿ ಬಂದವರು, ಹೋಗದೆಯೇ ಎಲ್ಲ ತಿಳಿದವರು, ಎಲ್ಲರೂ ಬರೆದಿದ್ದೀರಿ. ಒಂದೇ ಥರದ್ದನ್ನು ಒಟ್ಟು ಸೇರಿಸಿ ಈ ಸಲದ ಪುಟ ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ಮಗನ ಮನೆಗೆ ಅಂತ ಜ್ಯೂರಿಕ್‌ಗೆ ಹೋಗಿ ಎರಡು ತಿಂಗಳು ಇದ್ದು ಬಂದೆವು. ರೈಲು ನಾಲ್ಕು ನಿಮಿಷ ತಡವಾದರೆ ಅಲ್ಲಿಯ ಜನ ಮುಖ ಗಂಟು ಹಾಕಿಕೊಳ್ಳುತ್ತಾರೆ. ಈ ಶಿಸ್ತು ಅವರ ರಕ್ತದಲ್ಲೇ ಇದೆಯೇ? (ಹುಬ್ಬಳ್ಳಿಯಿಂದ)

ರಕ್ತದಲ್ಲಿ ಏನೂ ಇಲ್ಲ. ರೈಲಿನ ವಿಷಯದಲ್ಲಿ ಸ್ವಿಸ್ ಜನ ಶುರುವಿನಲ್ಲಿ ಯುರೋಪಿನ ಹಿಂದಿನ ಬೆಂಚಿನವರು. ಇಂಗ್ಲೆಂಡಿನಲ್ಲಿ ಲಿವರ್‌ಪೂಲ್‌ನಿಂದ ಮ್ಯಾಂಚೆಸ್ಟರ್‌ಗೆ 1830ರಲ್ಲೇ ರೈಲು ಓಡಿತು. ಪೂರ್ತಿಯಾಗಿ ಸ್ವಿಸ್ ನೆಲದಲ್ಲೇ ಓಡುವ ಮೊದಲ ರೈಲು ಬರಲು 1847 ಆಗಬೇಕಾಯಿತು. ಅದೂ ಜ್ಯೂರಿಕ್‌ನಿಂದ ಬಾಡೆನ್‌ಗೆ, ಸುಮಾರು 23 ಕಿಲೋಮೀಟರ್. ಬಾಡೆನ್‌ನಲ್ಲಿ ‘ಸ್ಪ್ಯಾನಿಷ್ ಬ್ರೆಡ್’ ಅಂತ ಪದರು ಪದರಾದ ಒಂದು ತಿಂಡಿ ಸಿಗುತ್ತಿತ್ತು. ಜ್ಯೂರಿಕ್‌ನ ಉಳ್ಳವರ ಮನೆಗೆ ಅದು ಬಿಸಿಬಿಸಿಯಾಗಿ ರೈಲಿನಲ್ಲಿ ಬರತೊಡಗಿತು. ಜನ ರೈಲಿಗೂ ಅದೇ ಹೆಸರಿಟ್ಟರು. ಅಂದರೆ ಆ ದೇಶದ ಮೊದಲ ರೈಲಿಗೆ ಬೇಕರಿ ತಿಂಡಿಯ ಹೆಸರು!

ತಡವಾಗಿದ್ದಕ್ಕೆ ಬೆಟ್ಟ ಮಾತ್ರ ಕಾರಣ ಅಲ್ಲ. ಆಗ ಅದು ಸರಿಯಾಗಿ ಒಂದು ದೇಶವೇ ಆಗಿರಲಿಲ್ಲ. ಕ್ಯಾಂಟನ್ ಅಂತ ಕರೆಯುವ ಚಿಕ್ಕ ಚಿಕ್ಕ ಪ್ರಾಂತ್ಯಗಳು, ಒಂದೊಂದಕ್ಕೂ ಅದರದ್ದೇ ನಾಣ್ಯ, ಅದರದ್ದೇ ಸುಂಕದ ಕಟ್ಟೆ. 1847ರ ಕೊನೆಯಲ್ಲಿ ಅವೇ ಎರಡು ಗುಂಪಾಗಿ ಸಣ್ಣ ಯುದ್ಧವನ್ನೂ ಮಾಡಿಕೊಂಡವು. ಸಂವಿಧಾನ ಬಂದು ಒಂದು ಒಕ್ಕೂಟ ಆಗಿದ್ದು 1848ರಲ್ಲಿ. ಹೊಸ ಸರಕಾರ ಇಂಗ್ಲೆಂಡಿನ ರಾಬರ್ಟ್ ಸ್ಟೀಫನ್‌ಸನ್‌ನನ್ನು ಕರೆಸಿ ರೈಲಿನ ನಕ್ಷೆ ಹಾಕಿಸಿತು. ಆದರೆ 1852ರ ಕಾನೂನಿನಲ್ಲಿ ಕೆಲಸ ಪೂರ್ತಿ ಖಾಸಗಿ ಕಂಪನಿಗಳಿಗೂ ಕ್ಯಾಂಟನ್‌ಗಳಿಗೂ ಹೋಯಿತು. ಆಮೇಲೆ ಶುರುವಾಯಿತು ನೋಡಿ ಜಗಳ. ನಮ್ಮೂರಿಗೆ ಮೊದಲು ನಮ್ಮೂರಿಗೆ ಮೊದಲು ಅಂತ ಒಂದರ ಪಕ್ಕ ಒಂದು ಹಳಿ ಹಾಕಿ, ಒಬ್ಬರ ಗಿರಾಕಿ ಒಬ್ಬರು ಕಿತ್ತುಕೊಂಡು, ಕೊನೆಗೆ ಕೆಲವು ಕಂಪನಿಗಳು ಮುಳುಗಿಯೇ ಹೋದವು. ವಿಂಟರ್‌ಟೂರ್ ಎಂಬ ಊರು ಇಂಥ ಒಂದು ಕಂಪನಿಯ ಸಾಲಕ್ಕೆ ಜಾಮೀನು ನಿಂತಿತ್ತು. ಕಂಪನಿ 1878ರಲ್ಲಿ ದಿವಾಳಿಯಾಯಿತು. ಊರು ಆ ಸಾಲ ತೀರಿಸಿ ಮುಗಿಸಿದ್ದು 1952ರಲ್ಲಿ. ಮುತ್ತಾತ ಮಾಡಿದ ಸಾಲವನ್ನು ಮರಿಮಗ ತೀರಿಸಿದ ಹಾಗೆ.

ಇದರಿಂದ ಬೇಸತ್ತ ಮೇಲೆಯೇ ರೈಲು ಸರಕಾರದ್ದಾಗಿದ್ದು. 1898ರ ಫೆಬ್ರವರಿಯಲ್ಲಿ ಜನಮತ ಕೇಳಿದಾಗ ಮೂರರಲ್ಲಿ ಎರಡು ಪಾಲು ಮತ ‘ಸ್ವಿಸ್ ರೈಲು ಸ್ವಿಸ್ ಜನರಿಗೆ’ ಎಂಬ ಕಡೆಗೆ ಬಿತ್ತು. ಜನ ಅಂದರೆ ಗಂಡಸರು ಮಾತ್ರ, ನೆನಪಿರಲಿ. ಹೆಂಗಸರಿಗೆ ದೇಶದ ಮಟ್ಟದಲ್ಲಿ ಮತ ಸಿಕ್ಕಿದ್ದು 1971ರಲ್ಲಿ! ರೈಲಿನಲ್ಲಿ ಅಷ್ಟು ಚುರುಕಾದವರು ಇದರಲ್ಲಿ ಯಾಕೆ ಅಷ್ಟು ನಿಧಾನ ಅಂತ ಯಾರೂ ಕೇಳಿಲ್ಲ, ಮುಂದಿನ ಸಲ ಕೇಳಿ. 1902ರಿಂದ ಸರಕಾರಿ ರೈಲು, ಇವತ್ತಿನ ಎಸ್‌ಬಿಬಿ.

ಪ್ರಶ್ನೆ: ಲುಗಾನೊಗೆ ಹೋಗುವಾಗ ಕಿಟಕಿಯಿಂದ ಬಿಳಿ ಗೋಡೆಯ ಒಂದು ಚರ್ಚು ಕಂಡಿತು. ಸ್ವಲ್ಪ ಹೊತ್ತಿಗೆ ಅದೇ ಚರ್ಚು ಮತ್ತೆ, ಇನ್ನೂ ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ. ಯಜಮಾನರು ‘ನಿನಗೆ ನಿದ್ದೆ ಗುಂಗು’ ಎಂದರು. ನಾನು ಸರಿಯೋ ಅವರು ಸರಿಯೋ? (ಶಿವಮೊಗ್ಗದಿಂದ)

ನೀವೇ ಸರಿ, ಇದನ್ನು ಕತ್ತರಿಸಿ ಅವರಿಗೆ ತೋರಿಸಿ. ಅದು ವಾಸೆನ್ ಎಂಬ ಹಳ್ಳಿಯ ಚರ್ಚು. ರೈಲಿಗೆ ಕಡಿದಾದ ಏರು ಆಗುವುದಿಲ್ಲ. ಆ ದಾರಿಯಲ್ಲಿ ಸಾವಿರ ಮೀಟರ್ ಓಡಿದರೆ ಹೆಚ್ಚೆಂದರೆ 27 ಮೀಟರ್ ಏರಬಹುದು. ಆದರೆ ಕಣಿವೆ ಅದಕ್ಕಿಂತ ಬೇಗ ಏರುತ್ತದೆ. ಅದಕ್ಕೆ ಹಳಿಯನ್ನು ಬೆಟ್ಟದ ಹೊಟ್ಟೆಯೊಳಗೆ ಸುರುಳಿ ಸುತ್ತಿಸಿ, ಹಿಂದಕ್ಕೆ ತಿರುಗಿಸಿ, ಮತ್ತೆ ಮುಂದಕ್ಕೆ ತಿರುಗಿಸಿ ಮೇಲಕ್ಕೆ ಒಯ್ದಿದ್ದಾರೆ. ಹಾಗಾಗಿ ಚರ್ಚು ಮೊದಲು ತಲೆಯೆತ್ತಿ ನೋಡುವಂತೆ ಮೇಲೆ ಇರುತ್ತದೆ, ಆಮೇಲೆ ಕಿಟಕಿಯ ಮಟ್ಟಕ್ಕೆ, ಕೊನೆಗೆ ಕೆಳಗೆ ಆಟಿಕೆಯ ಹಾಗೆ. ನಾನೂ ಆ ದಾರಿಯಲ್ಲಿ ಒಮ್ಮೆ ಹೋಗಿದ್ದೇನೆ. ಎರಡನೇ ಸಲ ಚರ್ಚು ಬಂದಿದ್ದು ಬೇರೆ ಕಡೆಯ ಕಿಟಕಿಗೆ. ಫೋನು ಹಿಡಿದುಕೊಂಡು ಆಚೆ ಓಡುವಷ್ಟರಲ್ಲಿ ಸುರಂಗ ಬಂತು, ಫೋಟೊದಲ್ಲಿ ಕಂಡಿದ್ದು ನನ್ನದೇ ಮುಖ. ನಿಮ್ಮ ಅದೃಷ್ಟ ಅಂದರೆ ನೀವು ಹಳೇ ದಾರಿಯ ರೈಲು ಹತ್ತಿದ್ದು. ವೇಗದ ರೈಲುಗಳು ಈಗ ಕೆಳಗಿನ ಹೊಸ ಸುರಂಗದಲ್ಲಿ ಹೋಗುತ್ತವೆ, ಅವುಗಳಲ್ಲಿ ಚರ್ಚೂ ಇಲ್ಲ ಏನೂ ಇಲ್ಲ, ಇಪ್ಪತ್ತು ನಿಮಿಷ ಬರೀ ಕತ್ತಲು.

ಚರ್ಚು ದಾಟಿದ ಮೇಲೆ ಗೋಶೆನೆನ್ ಸ್ಟೇಷನ್ ಬಂದು ಒಂದು ಉದ್ದದ ಸುರಂಗ ಶುರುವಾಯಿತಲ್ಲ, ಆಚೆ ಐರೋಲೊದಲ್ಲಿ ಹೊರಗೆ ಬಂದಿರಲ್ಲ, ಅದು ಗೊಥಾರ್ಡ್ ಸುರಂಗ. ಹದಿನೈದು ಕಿಲೋಮೀಟರ್. 1872ರಿಂದ ಹತ್ತು ವರ್ಷದ ಕೆಲಸ. ದುಡ್ಡಿನಲ್ಲಿ ಇಟಲಿ ಮತ್ತು ಜರ್ಮನಿಯ ಪಾಲೂ ದೊಡ್ಡದಿತ್ತು, ಯಾಕೆಂದರೆ ಅವೆರಡಕ್ಕೂ ನಡುವೆ ದಾರಿ ಬೇಕಿತ್ತು. ಇದರ ಹಿಂದಿದ್ದ ದೊಡ್ಡ ಕುಳ ಜ್ಯೂರಿಕ್‌ನ ಆಲ್ಫ್ರೆಡ್ ಎಶರ್. ರಾಜಕಾರಣಿಯೂ ಅವನೇ, ರೈಲು ಕಂಪನಿಯೂ ಅವನದೇ. ರೈಲಿಗೆ ಸಾಲ ಬೇಕು ಅಂತ 1856ರಲ್ಲಿ ಬ್ಯಾಂಕನ್ನೇ ತೆರೆದ. ಮುಂದೆ ಕ್ರೆಡಿಟ್ ಸ್ವಿಸ್ ಅಂತ ಹೆಸರಾಗಿ, 2023ರಲ್ಲಿ ಕುಸಿದು ಇನ್ನೊಂದು ಬ್ಯಾಂಕಿನ ಪಾಲಾಯಿತಲ್ಲ, ಅದೇ ಅದು. ರೈಲಿಗೆ ಎಂಜಿನಿಯರುಗಳೂ ಬೇಕಲ್ವಾ? 1855ರಲ್ಲಿ ಜ್ಯೂರಿಕ್‌ನಲ್ಲಿ ತೆರೆದ ತಾಂತ್ರಿಕ ಶಾಲೆಯ ಹಿಂದೆಯೂ ಅವನೇ ಇದ್ದ. ನಮ್ಮ ಹುಡುಗರು ಓದಲು ಹೋಗುವ ಇಟಿಎಚ್ ಅದೇ.

ಸುರಂಗ ಕೊರೆಯುವ ಗುತ್ತಿಗೆ ಹಿಡಿದವನು ಜಿನೀವಾದ ಲೂಯಿ ಫಾವ್ರ್. ಎಂಟು ವರ್ಷದಲ್ಲಿ ಮುಗಿಸುತ್ತೇನೆ, ತಡವಾದರೆ ದಿನಕ್ಕೆ ಇಷ್ಟು ಸಾವಿರ ಫ್ರಾಂಕ್ ದಂಡ ಅಂತ ಸಹಿ ಹಾಕಿದ್ದ. ಆ ದಂಡದ ಭಯ ಕೊನೆಗೆ ಯಾರ ಬೆನ್ನಿಗೆ ಬಿತ್ತು ಅಂತ ಹೇಳಬೇಕಾಗಿಲ್ಲ. ಕೆಲಸಗಾರರು ಹೆಚ್ಚಿನವರು ಇಟಲಿಯ ಬಡ ಊರುಗಳಿಂದ ಬಂದವರು. ಒಳಗೆ ಮೂವತ್ತು ಡಿಗ್ರಿ ದಾಟಿದ ಸೆಕೆ, ಡೈನಮೈಟಿನ ಹೊಗೆ, ಮೊಣಕಾಲುದ್ದ ನೀರು. ಕಕ್ಕಸಿಗೆ ವ್ಯವಸ್ಥೆಯಿಲ್ಲ, ಅದರಿಂದ ಕೊಕ್ಕೆಹುಳುವಿನ ರೋಗ ಹರಡಿ ಜನ ರಕ್ತವಿಲ್ಲದೆ ಬಿಳಿಚಿಕೊಂಡರು. 1875ರ ಜುಲೈನಲ್ಲಿ ಗೋಶೆನೆನ್‌ನಲ್ಲಿ ಮುಷ್ಕರ ಹೂಡಿದಾಗ ಗುಂಡು ಹಾರಿಸಿದರು, ನಾಲ್ವರು ಸತ್ತರು. ಸುರಂಗ ಮುಗಿಯುವ ಹೊತ್ತಿಗೆ ಅಪಘಾತದಲ್ಲೇ ಸುಮಾರು 200 ಮಂದಿ ಹೋಗಿದ್ದರು. ರೋಗದಿಂದ ಊರಿಗೆ ಮರಳಿ ಅಲ್ಲಿ ಸತ್ತವರು ಆ ಲೆಕ್ಕದಲ್ಲಿಲ್ಲ.

ಫಾವ್ರನೂ ಉಳಿಯಲಿಲ್ಲ. 1879ರಲ್ಲಿ ಸುರಂಗದ ಒಳಗೇ ಹೃದಯ ನಿಂತು ಸತ್ತ, ವಯಸ್ಸು 53. ಮುಂದಿನ ಫೆಬ್ರವರಿ ಕೊನೆಗೆ ಎರಡು ಕಡೆಯವರು ಕೊರೆದ ತೂತು ಒಂದಾದಾಗ ಮೊದಲು ಈಚೆಯಿಂದ ಆಚೆ ದಾಟಿಸಿದ್ದು ತಗಡಿನ ಡಬ್ಬಿಯಲ್ಲಿಟ್ಟ ಅವನ ಫೋಟೊ. ಎರಡೂ ಕಡೆಯಿಂದ ಕುರುಡಾಗಿ ಕೊರೆದು ಬಂದರೂ ಅಡ್ಡಕ್ಕೆ ಆದ ತಪ್ಪು 33 ಸೆಂಟಿಮೀಟರ್, ಮಟ್ಟದಲ್ಲಿ 5. ಒಂದು ಮೊಳವೂ ಇಲ್ಲ! ಎಶರ್‌ನ ಕತೆಯೂ ಅಷ್ಟೇ. ಖರ್ಚು ಕೈಮೀರಿತು ಅಂತ 1878ರಲ್ಲಿ ಅವನನ್ನು ಇಳಿಸಿದ್ದರು. 1882ರಲ್ಲಿ ರೈಲು ಓಡಿದಾಗ ಕಾಯಿಲೆಯಿಂದ ಸಮಾರಂಭಕ್ಕೂ ಹೋಗಲಾಗಲಿಲ್ಲ, ಅದೇ ವರ್ಷ ತೀರಿಕೊಂಡ. ಈಗ ಜ್ಯೂರಿಕ್ ಸ್ಟೇಷನ್ನಿನ ಎದುರಿಗೆ ಅವನ ದೊಡ್ಡ ಪ್ರತಿಮೆ ಇದೆ, ನೀವು ಅದರ ಕೆಳಗೇ ಟ್ರಾಮ್‌ಗೆ ಕಾದಿರುತ್ತೀರಿ. ಕೆಲಸಗಾರರ ಸ್ಮಾರಕ ಐರೋಲೊ ಸ್ಟೇಷನ್ನಿನ ಹತ್ತಿರ. ವಿಂಚೆಂಜೊ ವೇಲಾ ಎಂಬ ಶಿಲ್ಪಿಯ ಕೆಲಸ, ಸತ್ತವನೊಬ್ಬನನ್ನು ಜೊತೆಗಾರರು ಹೊತ್ತು ತರುತ್ತಿದ್ದಾರೆ. ಅಲ್ಲಿ ಇಳಿಯುವವರು ಕಮ್ಮಿ. ನೀವು ಮತ್ತೆ ಹೋದರೆ ಒಂದು ರೈಲು ಬಿಟ್ಟು ಇಳಿದು ನೋಡಿ.

ಪ್ರಶ್ನೆ: ಸಿನಿಮಾ ಹಾಡುಗಳಲ್ಲಿ ತೋರಿಸುವ ಹಾಗೆ ಅಲ್ಲಿ ಎಲ್ಲಿ ನೋಡಿದರೂ ಹಸಿರು ಹುಲ್ಲು, ದನ. ಹೊಲ ಗದ್ದೆ ಯಾಕೆ ಕಮ್ಮಿ? ರೈಲಿಗೆ ಸಂಬಂಧವಿಲ್ಲದ ಪ್ರಶ್ನೆ, ಬೇಸರ ಬೇಡ. (ಹಾಸನದಿಂದ)

ಬೇಸರ ಎಲ್ಲಿಂದ, ಇದು ರೈಲಿನದ್ದೇ ಪ್ರಶ್ನೆ. ಎತ್ತರದ ಬೆಟ್ಟದಲ್ಲಿ ಮೊದಲಿಂದಲೂ ಹುಲ್ಲು ಮತ್ತು ದನವೇ. ಆದರೆ ಕೆಳಗಿನ ಬಯಲು ಸೀಮೆಯಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಗೋಧಿ, ಅದರ ಜಾತಿಯ ಬೇರೆ ಕಾಳು ಜಾಸ್ತಿ ಬೆಳೆಯುತ್ತಿದ್ದರು. ರೈಲು ಬಂತು, ಜೊತೆಗೆ ಹೊರದೇಶದ ಅಗ್ಗದ ಗೋಧಿಯೂ ಬಂತು. ಸ್ವಿಸ್ ರೈತನ ಗೋಧಿಗೆ ಬೆಲೆ ಬಿತ್ತು. ಅವನು ಹೊಲವನ್ನು ಹುಲ್ಲಿಗೆ ಬಿಟ್ಟು ಹಸು ಕಟ್ಟಿದ. ಹಾಲನ್ನು ಚೀಸ್ ಮಾಡಿ ಅದೇ ರೈಲಿನಲ್ಲಿ ಹೊರಗೆ ಕಳಿಸಿದ. ಹಳದಿ ಸ್ವಿಟ್ಜರ್ಲೆಂಡ್ ಹಸಿರಾಯಿತು ಅಂತ ಅಲ್ಲಿ ಇದಕ್ಕೆ ಒಂದು ಮಾತೇ ಇದೆ. ನಮ್ಮ ನಾಯಕ ನಾಯಕಿ ಓಡಾಡುವ ಆ ಹುಲ್ಲುಗಾವಲಿನಲ್ಲಿ ಒಂದಷ್ಟು ಭಾಗ ರೈಲಿನ ದೆಸೆಯಿಂದ ಆಗಿದ್ದು.

ಪ್ರಶ್ನೆ: ಅಲ್ಲಿನ ಒಂದು ಜಿಲ್ಲೆಯಲ್ಲಿ ಕಾರನ್ನೇ ನಿಷೇಧಿಸಿದ್ದರಂತೆ, ಹೌದೇ? (ಮೈಸೂರಿನಿಂದ)

ಹೌದು. ಜಿಲ್ಲೆ ಅಲ್ಲ, ಗ್ರಾಬ್ಯುಂಡನ್ ಎಂಬ ಕ್ಯಾಂಟನ್, ಆ ದೇಶದಲ್ಲೇ ವಿಸ್ತಾರದಲ್ಲಿ ದೊಡ್ಡದು. 1900ರಿಂದ 1925ರವರೆಗೆ ಅಲ್ಲಿಯ ರಸ್ತೆಯಲ್ಲಿ ಕಾರು ಓಡುವಂತಿರಲಿಲ್ಲ. ಕಾರಿನಲ್ಲಿ ಬಂದ ಶ್ರೀಮಂತ ಗಡಿಯಲ್ಲಿ ಎಂಜಿನ್ ನಿಲ್ಲಿಸಿ, ಮುಂದೆ ಕುದುರೆ ಕಟ್ಟಿಸಿ ಎಳೆಸಿಕೊಂಡು ಹೋಗಬೇಕಿತ್ತು. ‘ಓಟ್ಸ್ ಮೋಟಾರು’ ಅಂತ ತಮಾಷೆಯ ಹೆಸರು ಅದಕ್ಕೆ, ಕುದುರೆ ತಿನ್ನುವುದು ಓಟ್ಸ್ ಅಲ್ವಾ. ರೈತರಿಗೆ ಧೂಳಿನ ಸಿಟ್ಟು, ಗಾಡಿ ಹೊಡೆಯುವವರಿಗೆ ಹೊಟ್ಟೆಪಾಡಿನ ಚಿಂತೆ. ರಸ್ತೆ ಮಾಡಿಸಿದ್ದು ನಮ್ಮ ತೆರಿಗೆಯಿಂದ, ಅದರ ಮೇಲೆ ಮೆರೆಯುವವರು ಹೊರಗಿನವರು ಅನ್ನುವ ಹೊಟ್ಟೆಕಿಚ್ಚೂ ಇತ್ತು. ಅಲ್ಲಿ ಸಾಲ ಮಾಡಿ ಹಾಕಿದ ಸಣ್ಣ ಗೇಜಿನ ರೈಲು ಬೇರೆ ಇತ್ತು, ಕಾರು ಬಂದರೆ ಅದಕ್ಕೆ ಪೆಟ್ಟು. ಮತ್ತೆ ಮತ್ತೆ ಮತ ಹಾಕಿ ಬೇಡ ಬೇಡ ಅಂದು, ಹತ್ತನೇ ಸಲಕ್ಕೆ ಒಪ್ಪಿದರು.

ಪ್ರಶ್ನೆ: ಕಲ್ಲಿದ್ದಲೂ ಇಲ್ಲ, ಎಣ್ಣೆಯೂ ಇಲ್ಲದ ದೇಶ. ರೈಲು ಹೇಗೆ ಓಡಿಸಿದರು? (ದಾವಣಗೆರೆಯಿಂದ)

ಮೊದಲ ಮಹಾಯುದ್ಧದ ತನಕ ಹೊರಗಿನ, ಮುಖ್ಯವಾಗಿ ಜರ್ಮನಿಯ ಕಲ್ಲಿದ್ದಲಿನಿಂದ. ಯುದ್ಧದಲ್ಲಿ ಅದು ಕಡಿಮೆಯಾಗಿ ಬೆಲೆ ಆಕಾಶಕ್ಕೆ ಹೋಯಿತು, ರೈಲುಗಳನ್ನು ರದ್ದು ಮಾಡಬೇಕಾಯಿತು. ಆಗ ಬುದ್ಧಿ ಬಂತು. ನಮ್ಮಲ್ಲಿ ಬೇಕಾದಷ್ಟು ನೀರಿದೆ, ಬೇಕಾದಷ್ಟು ಇಳಿಜಾರಿದೆ, ಕರೆಂಟ್ ಮಾಡೋಣ ಅಂತ. ಗೊಥಾರ್ಡ್ ದಾರಿಗೆ 1920ರಿಂದ 22ರೊಳಗೆ ತಂತಿ ಎಳೆದು ಮುಗಿಸಿದರು. ಎರಡನೇ ಯುದ್ಧ ಶುರುವಾಗುವಾಗ ಸರಕಾರಿ ಹಳಿಗಳಲ್ಲಿ ಮುಕ್ಕಾಲು ಪಾಲು ಕರೆಂಟಿನದ್ದಾಗಿತ್ತು. ಘಾಟಿಗೆ ಅಂತಲೇ ಮಾಡಿಸಿದ ಎಂಜಿನ್ನಿಗೆ ಉದ್ದ ಮೂತಿ ಹಿಂದೆಯೂ ಮುಂದೆಯೂ. ಜನ ಕರೆದಿದ್ದು ‘ಮೊಸಳೆ’ ಅಂತ.

ಈ ಮೊಸಳೆಯ ತಮ್ಮಂದಿರು ನಮ್ಮ ದೇಶಕ್ಕೂ ಬಂದಿದ್ದವು, ಗೊತ್ತಾ? ಮುಂಬಯಿ-ಪುಣೆ ಘಾಟಿಗೆ 1928ರ ಹೊತ್ತಿಗೆ ತರಿಸಿದ ಎಂಜಿನ್ನುಗಳಲ್ಲಿ ಮೊದಲ ಹತ್ತು ವಿಂಟರ್‌ಟೂರ್‌ನಲ್ಲೇ ತಯಾರಾದವು, ಆ ಸಾಲ ತೀರಿಸುತ್ತಿದ್ದ ಊರಿನಲ್ಲೇ. ನಿಂತಾಗ ಮುಲುಗುಟ್ಟುತ್ತಿದ್ದವು ಅಂತ ಮುಂಬಯಿ-ಪುಣೆ ಕಡೆಯವರು ಅವಕ್ಕೆ ‘ಖೇಕಡಾ’ ಅಂತ ಹೆಸರಿಟ್ಟರು, ಮರಾಠಿಯಲ್ಲಿ ಏಡಿ. ದೆಹಲಿಯ ರೈಲು ಮ್ಯೂಸಿಯಮ್ಮಿನಲ್ಲಿ ಒಂದನ್ನು ಇಟ್ಟಿದ್ದಾರೆ, ಮಕ್ಕಳನ್ನು ಕರೆದುಕೊಂಡು ಹೋದಾಗ ಹುಡುಕಿ.

ಪ್ರಶ್ನೆ: ತಟಸ್ಥ ದೇಶ ಅಂತ ಹೇಳುತ್ತಾರೆ. ಹಿಟ್ಲರ್‌ಗೆ ಗೊಥಾರ್ಡ್ ಸುರಂಗ ಉಪಯೋಗಕ್ಕೆ ಬರಲಿಲ್ಲವೇ? (ಮಂಗಳೂರಿನಿಂದ)

ಬಂತು. ಸೈನಿಕರನ್ನೂ ಶಸ್ತ್ರಗಳನ್ನೂ ದಾಟಿಸಬಾರದು ಅನ್ನುವುದು ನಿಯಮ. ಆದರೆ ಇಟಲಿಯ ಕಾರ್ಖಾನೆಗೆ ಬೇಕಾದ ಜರ್ಮನ್ ಕಲ್ಲಿದ್ದಲು ರಾಶಿ ರಾಶಿಯಾಗಿ ಗೊಥಾರ್ಡ್ ಮತ್ತು ಸಿಂಪ್ಲಾನ್ ಸುರಂಗಗಳಲ್ಲೇ ಹೋಗಿದ್ದು. ಸಮುದ್ರದ ದಾರಿಯನ್ನು ಬ್ರಿಟಿಷರು ಕಟ್ಟಿಹಾಕಿದ ಮೇಲಂತೂ ಜಾಸ್ತಿಯಾಯಿತು. ಇನ್ನೊಂದು ಕಡೆ ಸ್ವಿಸ್ ಸೇನೆ ಅದೇ ದಾರಿಗೆ ಸಿಡಿಮದ್ದು ಹೂತಿಟ್ಟು ಕಾದಿತ್ತು, ನೀವು ನುಗ್ಗಿದರೆ ಸುರಂಗ ನಿಮಗೂ ಇಲ್ಲ ನಮಗೂ ಇಲ್ಲ ಅಂತ. ಸುರಂಗ ಕೊಟ್ಟು ದೇಶ ಉಳಿಸಿಕೊಂಡರೋ, ಅದರ ಹೆಸರಲ್ಲಿ ವ್ಯಾಪಾರ ಮಾಡಿದರೋ? ಸರಕಾರವೇ 1996ರಲ್ಲಿ ಇತಿಹಾಸಕಾರರ ಆಯೋಗ ಕೂರಿಸಿ ಇದೆಲ್ಲ ಕೆದಕಿಸಿತು. ನನ್ನ ಮಟ್ಟಿಗೆ ಎರಡೂ ನಿಜ.

ಪ್ರಶ್ನೆ: ಅಲ್ಲಿ ಯಾವ ಸಣ್ಣ ಊರಲ್ಲಿ ಇಳಿದರೂ ಎದುರಿಗೆ ಬಸ್ಸು ನಿಂತಿರುತ್ತದೆ. ಇದು ಹೇಗೆ ಸಾಧ್ಯ? ನಮ್ಮಲ್ಲಿ ಬಸ್ಸು ಈಗಷ್ಟೇ ಹೋಯಿತು ಅನ್ನುವುದೇ ಗ್ಯಾರಂಟಿ. (ಬೆಂಗಳೂರಿನಿಂದ, ಇಬ್ಬರು)

ನನಗೆ ಅತ್ಯಂತ ಇಷ್ಟವಾದ ಪ್ರಶ್ನೆ. ಅರವತ್ತರ ದಶಕದಲ್ಲಿ ಅಲ್ಲೂ ಎಲ್ಲರೂ ಕಾರು ಕೊಂಡರು, ಹೆದ್ದಾರಿ ಬಂತು, ರೈಲು ಹಳಬರ ವಾಹನ ಆಗತೊಡಗಿತ್ತು. ಆಗ ರೈಲ್ವೆಯ ಕೆಲವು ಯುವ ಎಂಜಿನಿಯರುಗಳು ಕೆಲಸ ಮುಗಿಸಿ ಒಟ್ಟಿಗೆ ಕೂತು ಲೆಕ್ಕ ಹಾಕುತ್ತಿದ್ದರು. ತಮ್ಮನ್ನು ‘ಹುಚ್ಚರ ಕ್ಲಬ್ಬು’ ಅಂತ ಕರೆದುಕೊಂಡರು. ಅವರ ಮಾತು ಇಷ್ಟೇ: ಎಲ್ಲ ಕಡೆಗೂ ಬೆಳಗಿಂದ ರಾತ್ರಿವರೆಗೆ ಪ್ರತಿ ಗಂಟೆಗೆ ಒಂದು ರೈಲು, ಪ್ರತಿ ಗಂಟೆಯೂ ಅದೇ ನಿಮಿಷಕ್ಕೆ. ಎಂಟೂ ಹನ್ನೆರಡಕ್ಕೆ ಇದ್ದರೆ ಒಂಬತ್ತೂ ಹನ್ನೆರಡಕ್ಕೆ, ಹತ್ತೂ ಹನ್ನೆರಡಕ್ಕೆ. ವೇಳಾಪಟ್ಟಿ ಅಜ್ಜಿಗೂ ಬಾಯಿಪಾಠ. ನೆದರ್ಲೆಂಡ್ಸ್ 1970ರಲ್ಲೇ ಹೀಗೆ ಮಾಡಿತ್ತು. ಸ್ವಿಟ್ಜರ್ಲೆಂಡಿನಲ್ಲಿ ಇಡೀ ದೇಶಕ್ಕೆ ಜಾರಿಯಾಗಿದ್ದು 1982ರ ಮೇ ತಿಂಗಳಿನಲ್ಲಿ.

ಆಮೇಲಿನ ಹೆಜ್ಜೆ ಇನ್ನೂ ಚೆಂದ. ಫ್ರಾನ್ಸ್ ಆಗಷ್ಟೇ ಅತಿ ವೇಗದ ರೈಲು ಬಿಟ್ಟಿತ್ತು, ಎಲ್ಲರ ಕಣ್ಣೂ ಅತ್ತ. ಸ್ವಿಸ್ಸರು ಯೋಚಿಸಿದ್ದು ಬೇರೆ. ಎಲ್ಲ ರೈಲೂ ದೊಡ್ಡ ಜಂಕ್ಷನ್ನುಗಳಿಗೆ ಗಂಟೆ ಹೊಡೆಯಲು ಸ್ವಲ್ಪ ಮುಂಚೆ ಬಂದು ಸೇರಬೇಕು, ಜನ ಇಳಿದು ಹತ್ತಬೇಕು, ಗಂಟೆ ಹೊಡೆದ ಮೇಲೆ ಎಲ್ಲವೂ ಹೊರಡಬೇಕು. ಹಾಗಾಗಬೇಕಾದರೆ ಜ್ಯೂರಿಕ್‌ನಿಂದ ಬರ್ನ್‌ಗೆ ಒಂದು ಗಂಟೆಗಿಂತ ಸ್ವಲ್ಪ ಕಡಿಮೆ ಹಿಡಿಯಬೇಕು, ಆದರೆ ಹಿಡಿಯುತ್ತಿದ್ದದ್ದು ಜಾಸ್ತಿ. ಅಷ್ಟಕ್ಕೇ ಅಂತ 45 ಕಿಲೋಮೀಟರ್ ಹೊಸ ಹಳಿ ಹಾಕಿ 56 ನಿಮಿಷಕ್ಕೆ ತಂದರು, ಅಲ್ಲಿಗೆ ನಿಲ್ಲಿಸಿದರು. ನಲವತ್ತಕ್ಕೆ ತಂದರೆ ಏನು ಲಾಭ, ಮುಂದಿನ ರೈಲಿಗೆ ಇಪ್ಪತ್ತು ನಿಮಿಷ ಸುಮ್ನೆ ಕೂರಬೇಕು ತಾನೆ? ಇದಕ್ಕೂ ಜನರ ಮತ ಕೇಳಿದ್ದರು, 1987ರಲ್ಲಿ ನೂರಕ್ಕೆ 57 ಮಂದಿ ಹೂಂ ಅಂದರು. ಎಲ್ಲ ಜೋಡಿಸಿ ಜಾರಿಗೆ ತಂದಿದ್ದು 2004ರ ಡಿಸೆಂಬರ್ 12ಕ್ಕೆ. ನಿಮ್ಮ ಎದುರಿಗೆ ನಿಂತಿದ್ದ ಹಳದಿ ಅಂಚೆ ಬಸ್ಸೂ ಇದೇ ಲೆಕ್ಕದ ಕೊನೆಯ ಕೊಂಡಿ. ಅಂದರೆ ಮೊದಲು ವೇಳಾಪಟ್ಟಿ ಬರೆದು ಆಮೇಲೆ ಹಳಿ ಹಾಕಿದರು. ನಾವು ಮೊದಲು ರಿಬ್ಬನ್ ಕತ್ತರಿಸುತ್ತೇವೆ, ಬಿಡಿ.

ಪ್ರಶ್ನೆ: ನಿಮಗೆ ವಿದೇಶದ್ದೆಲ್ಲ ಚಿನ್ನವೇ. ಅಲ್ಲಿ ಏನೂ ಕೆಡುವುದಿಲ್ಲವೇ? (ಹೆಸರು, ಊರು ಬರೆದಿಲ್ಲ)

ಕೆಡುತ್ತದೆ ಸ್ವಾಮಿ. 2016ರಲ್ಲಿ 57 ಕಿಲೋಮೀಟರಿನ ಹೊಸ ಗೊಥಾರ್ಡ್ ಸುರಂಗ ತೆರೆದರು, ರೈಲು ಸುರಂಗಗಳಲ್ಲಿ ಪ್ರಪಂಚಕ್ಕೇ ಉದ್ದದ್ದು. 2023ರ ಆಗಸ್ಟ್‌ನಲ್ಲಿ ಅದರೊಳಗೆ ಗೂಡ್ಸ್ ಗಾಡಿಯ ಒಂದು ಚಕ್ರ ಒಡೆದು ಹಳಿ ತಪ್ಪಿತು. ಸುಮಾರು ಏಳು ಕಿಲೋಮೀಟರ್ ಹಳಿ ಹಾಳು. ಪೂರ್ತಿ ಸರಿಹೋಗಲು 2024ರ ಸೆಪ್ಟೆಂಬರ್ ಆಯಿತು, ಒಂದು ವರ್ಷದ ಮೇಲೆ. ಲಾರಿಗಳ ಕತೆಯೂ ಹಾಗೇ. ದೇಶ ದಾಟುವ ಸರಕು ರೈಲಿನಲ್ಲೇ ಹೋಗಲಿ ಅಂತ 1994ರಲ್ಲಿ ಜನ ಮತ ಹಾಕಿ ಸಂವಿಧಾನಕ್ಕೇ ಸೇರಿಸಿದರು. ಲಾರಿಗೆ ಭಾರ ಮತ್ತು ಕಿಲೋಮೀಟರ್ ನೋಡಿ ತೆರಿಗೆ ಹಾಕಿದರು. ಆಲ್ಪ್ಸ್ ದಾಟುವ ಲಾರಿ ವರ್ಷಕ್ಕೆ ಆರೂವರೆ ಲಕ್ಷಕ್ಕೆ ಇಳಿಯಬೇಕು ಅನ್ನುವುದು ಗುರಿ. 14 ಲಕ್ಷ ಇದ್ದದ್ದು 9 ಲಕ್ಷದ ಆಸುಪಾಸಿಗೆ ಬಂದು ನಿಂತಿದೆ. ತಪ್ಪು ಪೂರ್ತಿ ಅವರದ್ದಲ್ಲ, ಸುರಂಗಕ್ಕೆ ಸರಕು ತಂದು ಕೊಡಬೇಕಾದ ಜರ್ಮನಿಯ ರೈನ್ ಕಣಿವೆಯ ಹಳಿ ಅಗಲಿಸುವ ಕೆಲಸ ಇನ್ನೂ ನಡೆದೇ ಇದೆ. ಜರ್ಮನಿಯಿಂದ ತೀರಾ ತಡವಾಗಿ ಬಂದ ರೈಲನ್ನು ಕೆಲವೊಮ್ಮೆ ಗಡಿಯೂರು ಬಾಸೆಲ್‌ನಲ್ಲೇ ನಿಲ್ಲಿಸಿ, ಜನರನ್ನು ಇಳಿಸಿ, ಮುಂದಕ್ಕೆ ತಮ್ಮದೇ ರೈಲು ಬಿಡುತ್ತಾರೆ. ಇದನ್ನು ಜರ್ಮನ್ನರ ಎದುರು ಹೇಳಬೇಡಿ.

ಪ್ರಶ್ನೆ: ಅಲ್ಲಿನ ಸ್ಟೇಷನ್ ಗಡಿಯಾರದಲ್ಲಿ ಕೆಂಪು ಸೆಕೆಂಡ್ ಮುಳ್ಳು ಹನ್ನೆರಡಕ್ಕೆ ಬಂದು ನಿಂತುಬಿಡುತ್ತದೆ. ವೀಡಿಯೊದಲ್ಲಿ ನೋಡಿದೆ. ಕೆಟ್ಟಿದೆಯಾ? (ಒಂಬತ್ತನೇ ಕ್ಲಾಸ್, ಚಿತ್ರದುರ್ಗದಿಂದ)

ಚೆನ್ನಾಗಿ ಗಮನಿಸಿದ್ದೀಯ ಪುಟ್ಟ. ಕೆಟ್ಟಿಲ್ಲ. ಹಾನ್ಸ್ ಹಿಲ್ಫಿಕರ್ ಎಂಬ ರೈಲ್ವೆ ಎಂಜಿನಿಯರ್ 1944ರಲ್ಲಿ ಮಾಡಿದ ಗಡಿಯಾರ ಅದು, ಕೆಂಪು ಮುಳ್ಳು ಆಮೇಲೆ ಸೇರಿದ್ದು. ರೈಲು ಹೊರಡಿಸುವವರು ಕೈಯಲ್ಲಿ ಹಿಡಿಯುವ ದುಂಡು ಸಿಗ್ನಲ್ ಕೋಲಿನ ಆಕಾರ ಅದಕ್ಕೆ. ಆ ಮುಳ್ಳು ಒಂದು ಸುತ್ತನ್ನು 60 ಸೆಕೆಂಡಿಗೆ ಬದಲು ಸುಮಾರು 58.5 ಸೆಕೆಂಡಿಗೇ ಮುಗಿಸಿ ಮೇಲೆ ಕಾಯುತ್ತದೆ. ಎಲ್ಲ ಗಡಿಯಾರಕ್ಕೂ ಒಂದು ಮುಖ್ಯ ಗಡಿಯಾರದಿಂದ ನಿಮಿಷಕ್ಕೊಮ್ಮೆ ಕರೆಂಟಿನ ಸೂಚನೆ ಬರುತ್ತದೆ. ಅದು ಬಂದ ತಕ್ಷಣ ನಿಮಿಷದ ಮುಳ್ಳು ಟಕ್ ಅಂತ ಮುಂದೆ ಹಾರಿ, ಕೆಂಪು ಮುಳ್ಳು ಮತ್ತೆ ಹೊರಡುತ್ತದೆ. ವೀಡಿಯೊ ಇನ್ನೊಮ್ಮೆ ಹಾಕಿ ಎಣಿಸು, ಒಂದೂವರೆ ಸೆಕೆಂಡು ಸರಿಯಾಗಿ ಸಿಗುತ್ತದೆ.